ತಾಯಿ ಸ್ಕ್ರೂ: ನಮ್ಮನೆ ಪುಟ್ಟ ಲೇತ್ ಥ್ರೆಡ್ ಹಾಕೋದು ಕಲಿತಿದ್ದು

ಎರಡು ವರ್ಷ ನನ್ನ ತಲೆ ತಿಂದಿದ್ದು ಒಂದು ಬ್ಯಾಕ್ ಪ್ಲೇಟ್. ನಮ್ಮನೆ ಹಿಂದಿನ ಶೆಡ್‌ನಲ್ಲಿ ಒಂದು ಸಣ್ಣ ಬೆಂಚ್ ಲೇತ್ ಇದೆ, ಅಂದ್ರೆ ಲೋಹದ ತುಂಡನ್ನ ತಿರುಗಿಸಿ ಟೂಲಲ್ಲಿ ಕೊರೆಯೋ ಮಷಿನ್ನು, ಗುಜರಿ ಅಂಗಡಿಯಿಂದ ತಂದಿದ್ದು, ಸೆಂಟರ್ ಹೈಟ್ 3 ಇಂಚು, ಹೆಸರಿನ ಪ್ಲೇಟ್ ಯಾವ ಕಾಲದಲ್ಲೋ ಕಿತ್ತುಹೋಗಿದೆ. ಜೊತೆಗೆ ಒಂದು 4 ಇಂಚಿನ ತ್ರೀ ಜಾ ಚಕ್ಕು (ತುಂಡನ್ನ ಮೂರು ದವಡೆಯಲ್ಲಿ ಕಚ್ಚಿ ಹಿಡಿಯೋದು), ಒಂದು ಕ್ಯಾಚ್ ಪ್ಲೇಟು, ಎರಡು ಸೆಂಟರ್ (ತುಂಡನ್ನ ಎರಡೂ ತುದೀಲಿ ಹಿಡಿಯೋ ಚೂಪು ಮೊನೆ) ಬಂದಿದ್ವು. ಗುಂಡಗಿರೋ ರಾಡ್ ಹಿಡಿಯೋಕೆ ತ್ರೀ ಜಾ ಸಾಕು, ಆದ್ರೆ ಚೌಕದ ತುಂಡು, ಅಂಕುಡೊಂಕಿನ ಎರಕದ ತುಂಡು ಹಿಡೀಬೇಕು ಅಂದ್ರೆ ಫೋರ್ ಜಾ ಬೇಕೇ ಬೇಕು. ಚಕ್ಕೇನೋ ತಂದೆ. ಅದನ್ನ ಲೇತಲ್ಲಿ ತಿರುಗೋ ದಂಡಕ್ಕೆ, ಅಂದ್ರೆ ಸ್ಪಿಂಡಲ್‌ಗೆ, ಕೂರಿಸೋಕೆ ಬ್ಯಾಕ್ ಪ್ಲೇಟ್ ಬೇಕು, ಬ್ಯಾಕ್ ಪ್ಲೇಟ್ ಒಳಗೆ ಸ್ಪಿಂಡಲ್ ಮೂತಿಯ ಥ್ರೆಡ್ಡೇ ಇರ್ಬೇಕು, ಪಿಚ್ (ಥ್ರೆಡ್ಡಿನ ಒಂದು ಗೆರೆಯಿಂದ ಮುಂದಿನ ಗೆರೆಗಿರೋ ದೂರ) ಅಳೆಯೋ ಗೇಜ್ ಇಟ್ಟು ನೋಡಿದ್ರೆ ಒಂದು ಇಂಚಿನ ವ್ಯಾಸ, ಇಂಚಿಗೆ 10 ಥ್ರೆಡ್ಡು, ಥ್ರೆಡ್ಡಿನ ಕೋನ ನೋಡೋ 55 ಡಿಗ್ರಿ ಗೇಜು ಬೆಳಕು ಕಾಣದ ಹಾಗೆ ಕೂತ್ಕೊಂತು. ಅಂದ್ರೆ ಹಳೇ ಬಿಎಸ್‌ಎಫ್, ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್ ಅನ್ನೋ ಇಂಚಿನ ಥ್ರೆಡ್ಡು. ಥ್ರೆಡ್ ಹಾಕೋಕೆ ಲೀಡ್ ಸ್ಕ್ರೂ, ಅಂದ್ರೆ ಟೂಲನ್ನ ಒಂದೇ ಲೆಕ್ಕದಲ್ಲಿ ಎಳೆಯೋ ಉದ್ದನೆ ಸ್ಕ್ರೂ ಇರೋ ಲೇತ್ ಬೇಕು, ನನ್ನ ಲೇತಿಗೆ ಲೀಡ್ ಸ್ಕ್ರೂ ಅನ್ನೋದೇ ಇಲ್ಲ, ಟೂಲ್ ಹೊತ್ತ ಕ್ಯಾರೇಜ್ ಓಡೋದು ಬರೀ ರ್‍ಯಾಕ್ ಮೇಲೆ. ಹಿಂದುಗಡೆ ಗೇರ್ ಕೂರಿಸೋಕೆ ಜಾಗವೂ ಇಲ್ಲ.

ತೂತಿನೊಳಗೆ ಥ್ರೆಡ್ ಕೊರೆಯೋ ಟ್ಯಾಪ್ ಆ ಸೈಜಿಂದು ಹುಡುಕಿದ್ರೆ ಸಿಗತ್ತೆ, ಇಲ್ಲ ಅನ್ನಲ್ಲ. ಆದ್ರೆ ಇಷ್ಟು ದಪ್ಪ ಟ್ಯಾಪನ್ನ ಕೈಯಲ್ಲಿ ತಿರುಗಿಸಿ ಬೀಡು ಕಬ್ಬಿಣದ ಪ್ಲೇಟಲ್ಲಿ ಇಳಿಸಿದ್ರೆ ಅದು ಕೂದಲೆಳೆಯಷ್ಟಾದ್ರೂ ಓರೆ ಹೋಗತ್ತೆ, ಬ್ಯಾಕ್ ಪ್ಲೇಟ್‌ನಲ್ಲಿ ಓರೆ ಹೋದ್ರೆ ಅದರ ಮೇಲೆ ಕೂರೋ ಚಕ್ಕು ಜೀವಮಾನವಿಡೀ ಹಿಂದೆ ಹಾರತ್ತೆ ಮುಂದೆ ಹಾರತ್ತೆ. ಹೊರಗಡೆ ಕೊಟ್ಟು ಮಾಡಿಸಬಹುದಿತ್ತು, ಬೆಂಗಳೂರಲ್ಲಿ ಪೀಣ್ಯ ಇದೆ, ಟರ್ನರ್‌ಗಳಿಗೇನು ಬರ ಇಲ್ಲ. ಆದ್ರೆ ಒಂದು ಮಾತು ಮನಸ್ಸಿಂದ ಹೋಗ್ಲೇ ಇಲ್ಲ. ಲೇತಿಗೆ ಬೇಕಾದ ಥ್ರೆಡ್ ಹಾಕೋಕೆ ಇನ್ನೊಂದು ಲೇತ್ ಬೇಕು, ಆ ಲೇತಿನ ಥ್ರೆಡ್ ಇನ್ನೊಂದು ಲೇತಿಂದ ಬಂದಿದ್ದು, ಅದು ಮತ್ತೊಂದರಿಂದ. ಹಾಗಾದ್ರೆ ಮೊಟ್ಟಮೊದಲನೇದು ಎಲ್ಲಿಂದ ಬಂತು? ಒಂದ್ಸಲ ಈ ಪ್ರಶ್ನೆ ಹೊಕ್ಕ ಮೇಲೆ ಹೊರಗಡೆ ಕೊಟ್ಟು ಮಾಡಿಸೋ ಮನಸ್ಸೇ ಬರ್ಲಿಲ್ಲ. ಈ ಸಾಲಲ್ಲಿ ನನ್ನ ಲೇತೂ ಒಂದು ಕೊಂಡಿ ಆಗ್ಬೇಕು ಅನ್ನಿಸ್ತು.

ಮೊದಲನೇ ಸ್ಕ್ರೂ

ಓದಿದ್ದನ್ನ ಇಲ್ಲಿ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಅದಿಲ್ದೆ ಮುಂದಿನದು ಪೂರ್ತಿ ಆಗಲ್ಲ. ಇವತ್ತು ನಾವು ಲೇತ್ ಅಂತ ಕರೆಯೋದರ ಮೂಲ ರೂಪ, ಅಂದ್ರೆ ಟೂಲ್ ಹಿಡಿಯೋ ಸ್ಲೈಡ್, ಅದನ್ನ ಎಳೆಯೋ ಲೀಡ್ ಸ್ಕ್ರೂ, ಎರಡನ್ನೂ ಸ್ಪಿಂಡಲ್‌ಗೆ ಕಟ್ಟಿಹಾಕೋ ಬದಲಾಯಿಸಬಹುದಾದ ಗೇರ್‌ಗಳು, ಈ ಮೂರನ್ನೂ ಒಟ್ಟಿಗೆ ಗಟ್ಟಿಯಾಗಿ ನಿಲ್ಲಿಸಿದ್ದು ಲಂಡನ್ನಿನ ಹೆನ್ರಿ ಮಾಡ್ಸ್‌ಲೇ, ಸುಮಾರು 1800ರ ಹೊತ್ತಿಗೆ. ಆ ಲೇತು ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ. ಆದ್ರೆ ಲೀಡ್ ಸ್ಕ್ರೂ ಇಲ್ದೆ ಲೀಡ್ ಸ್ಕ್ರೂ ಹೇಗೆ ಮಾಡಿದ ಅನ್ನೋದೇ ನನಗೆ ಬೇಕಿದ್ದಿದ್ದು. ಅವನು ಮೆತ್ತಗಿನ ವಸ್ತುವಿನ ಒಂದು ಗುಂಡನೆ ರಾಡ್ ತಗೊಂಡು, ಅದಕ್ಕೆ ಒಂದು ಚೂಪು ಅಲಗನ್ನ ಓರೆಯಾಗಿ ಒತ್ತಿ ಹಿಡಿದ. ರಾಡ್ ತಿರುಗಿದಾಗ ಅಲಗು ತನ್ನ ಓರೆಗೆ ತಕ್ಕ ಹಾಗೆ ರಾಡ್ ಮೇಲೆ ಸುರುಳಿ ಗೆರೆ ಎಳೀತಾ ತಾನೇ ಮುಂದೆ ಹೋಗತ್ತೆ. ಅಲಗಿನ ಕೋನ ಹೇಗೋ ಪಿಚ್ಚೂ ಹಾಗೆ. ಮೊದಲು ಬಂದ ಸ್ಕ್ರೂ ಅಂಥಾ ಚೆನ್ನಾಗೇನಿರಲ್ಲ, ಅದನ್ನಿಟ್ಕೊಂಡು ಇನ್ನೊಂದು, ತಪ್ಪು ಎಲ್ಲಿದೆ ಅಂತ ಅಳೆದು ತಿದ್ದಿ ಮತ್ತೊಂದು. ತಾಯಿಗಿಂತ ಮಗಳು ಸ್ವಲ್ಪ ನೆಟ್ಟಗೆ, ಮಗಳಿಗಿಂತ ಮೊಮ್ಮಗಳು ಇನ್ನೂ ಸ್ವಲ್ಪ ನೆಟ್ಟಗೆ.

ನನಗೆ ಇದರಲ್ಲಿ ಹಿಡಿಸಿದ್ದು ಆ ತಿದ್ದೋ ಕೆಲಸ. ಮಷಿನ್ ಅಂದ್ರೆ ಇದ್ದದ್ದನ್ನ ಇದ್ದ ಹಾಗೆ ನಕಲು ಮಾಡತ್ತೆ ಅಂತ ನಾವು ಅಂದ್ಕೊಂಡಿರ್ತೀವಿ. ಬರೀ ನಕಲಾಗಿದ್ರೆ ಮೊದಲನೇ ಸ್ಕ್ರೂನ ತಪ್ಪೇ ಇವತ್ತಿನವರೆಗೂ ಬಂದಿರ್ಬೇಕಿತ್ತು, ಬರ್ತಾ ಬರ್ತಾ ಜಾಸ್ತಿನೂ ಆಗಿರ್ಬೇಕಿತ್ತು. ಹಾಗಾಗಿಲ್ಲ ಅಂದ್ರೆ ಮಧ್ಯದಲ್ಲಿ ಯಾರೋ ಕೂತು ಅಳೆದಿದ್ದಾರೆ, ತಿದ್ದಿದ್ದಾರೆ. ಆ ಮಾಡ್ಸ್‌ಲೇ ವರ್ಕ್‌ಶಾಪಲ್ಲೇ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಎಲ್ಲರ ಥ್ರೆಡ್ಡೂ ಒಂದೇ ಥರ ಇರ್ಲಿ, ಕೋನ 55 ಡಿಗ್ರಿ ಇರ್ಲಿ ಅಂತ ಮುಂದಿಟ್ಟ. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿ ಅಂದ. ನಾವೀಗ ಬಳಸೋ ಮೆಟ್ರಿಕ್ ಥ್ರೆಡ್ಡೂ 60 ಡಿಗ್ರಿನೇ. ನನ್ನ ಲೇತಿನ ಮೂತಿ ಮೇಲೆ ಬೆಳಕು ಕಾಣದ ಹಾಗೆ ಕೂತ ಆ 55ರ ಗೇಜು ಅಷ್ಟು ಹಿಂದಿನ ಮಾತನ್ನ ಇವತ್ತೂ ಹೇಳ್ತಿದೆ.

ಹರಿಹರದಲ್ಲಿ ಒಂದು ದಿನ

ಲೀಡ್ ಸ್ಕ್ರೂ ಬೇಕಿತ್ತಲ್ಲ, ಮೊದಲು ಹೊಳೆದಿದ್ದು ಹಾರ್ಡ್‌ವೇರ್ ಅಂಗಡೀಲಿ ಸಿಗೋ ಉದ್ದನೆ ಸ್ಟಡ್, ಪೂರ್ತಿ ಥ್ರೆಡ್ ಇರೋ ರಾಡು. ಎಂ16, ಅಂದ್ರೆ 16 ಮಿಮೀ ದಪ್ಪ, ಪಿಚ್ 2 ಮಿಮೀ. ತಂದು ಚಪ್ಪಟೆ ಗಾಜಿನ ಮೇಲೆ ಉರುಳಿಸಿ ನೋಡಿದೆ, ಬಾಳೆಕಾಯಿ ಥರ ಬಾಗಿತ್ತು. ನಟ್ಟು ಬೋಲ್ಟು ಬಿಗಿಯೋಕೆ ಮಾಡಿರೋ ಸರಕು ಅದು, ಅಳತೆಗಲ್ಲ. ಹಾಗಾಗಿ ಹರಿಹರಕ್ಕೆ ಮಾವನಿಗೆ ಫೋನ್ ಮಾಡಿದೆ.

ನಮ್ಮ ಸೋದರಮಾವ ಐಟಿಐ ಟರ್ನರ್. ಹರಿಹರ ಅಂದ್ರೆ ಗೊತ್ತಲ್ಲ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದ ಮೇಲೆ ಅದು ಲೇತಿನ ಊರು, ನಮ್ಮ ಕಡೆ ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ ಬರೋಕೂ ಮುಂಚೆ ಲೇತ್ ಕಟ್ಟಿದ ಊರು. ತುಂಗಭದ್ರೆ ದಂಡೆ, ಹರಿಹರೇಶ್ವರ ದೇವಸ್ಥಾನ, ಅದರ ಜೊತೆ ಟರ್ನರ್‌ಗಳು. ಮಾವನದು ಫ್ಯಾಕ್ಟರಿ ಅಲ್ಲ, ಸ್ವಂತದ್ದೊಂದು ಶೀಟ್ ಹಾಕಿದ ಅಂಗಡಿ, ಒಳಗೆ ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷಿನ್ನು. ಚಿಕ್ಕವನಿದ್ದಾಗ ಬೇಸಿಗೆ ರಜಕ್ಕೆ ಹೋದ್ರೆ ಆ ಅಂಗಡಿ ವಾಸನೆ, ಸುಟ್ಟ ಕೂಲೆಂಟ್ ಮತ್ತೆ ಬೀಡಿನ ಧೂಳು ಸೇರಿದ್ದು, ಅದೇ ನನಗೆ ರಜದ ವಾಸನೆ. ಈಗ ಮಾವನಿಗೆ ಎಪ್ಪತ್ತು ದಾಟಿದೆ, ಅಂಗಡಿ ಅರ್ಧ ದಿನ ತೆಗೀತಾರೆ.

"ಸ್ಟಡ್ ಹಾಕ್ಬ್ಯಾಡಪ, ನೀನೇ ಬಾ, ಇಎನ್8 ರಾಡ್ ತಗಂಡು ಬಾ" ಅಂದ್ರು. ಇಎನ್8 ಅಂದ್ರೆ ಒಂದು ಜಾತಿ ಉಕ್ಕು, ಅದರದ್ದೇ 600 ಮಿಮೀ ರಾಡ್ ತಗೊಂಡು ಹೋದೆ. ಮಾವನ ದೊಡ್ಡ ಲೇತಿನ ಲೀಡ್ ಸ್ಕ್ರೂ ಇಂಚಿಂದು, ಇಂಚಿಗೆ 4 ಥ್ರೆಡ್. ಅದರಿಂದ 2 ಮಿಮೀ ಪಿಚ್ ತೆಗೀಬೇಕು. ಮಾವ ಗೋಡೆ ಮೇಲೆ ಚಾಕ್‌ಪೀಸಲ್ಲಿ ಬರೆದ್ರು: 5 ಪಿ ಎನ್ ಬೈ 127. ಐಟಿಐ ಓದಿದ ಯಾವ ಟರ್ನರ್‌ನ ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಹೇಳ್ತಾರೆ ಈ ಲೆಕ್ಕಾನ. ಪಿ ಅಂದ್ರೆ ಬೇಕಾದ ಪಿಚ್ಚು ಮಿಲಿಮೀಟರಲ್ಲಿ, ಎನ್ ಅಂದ್ರೆ ಲೀಡ್ ಸ್ಕ್ರೂ ಇಂಚಿಗೆ ಎಷ್ಟು ಥ್ರೆಡ್ ಅಂತ. ಐದೆರಡ್ಲ ಹತ್ತು, ಹತ್ತು ನಾಲ್ಕ್ಲ ನಲವತ್ತು. 40 ಬೈ 127. ಸ್ಪಿಂಡಲ್ ಕಡೆ 40 ಹಲ್ಲಿನ ಗೇರು, ಲೀಡ್ ಸ್ಕ್ರೂ ಮೇಲೆ 127 ಹಲ್ಲಿನ ಗೇರು, ಮಧ್ಯೆ ಒಂದು ಐಡ್ಲರ್, ಎರಡನ್ನೂ ಜೋಡಿಸೋ ಗೇರು. ಈ 127 ಎಲ್ಲಿಂದ ಬಂತು ಅಂದ್ರೆ ಒಂದು ಇಂಚು ಅಂದ್ರೆ 25.4 ಮಿಮೀ, ಅದರ ಐದರಷ್ಟು 127. ಇದು ಅವಿಭಾಜ್ಯ ಸಂಖ್ಯೆ, ಯಾವುದರಿಂದಲೂ ಭಾಗ ಹೋಗಲ್ಲ, ಅದಕ್ಕೇ ಅಷ್ಟು ಹಲ್ಲಿನ ಗೇರನ್ನ ಅಷ್ಟಕ್ಕಷ್ಟೇ ಮಾಡಿ ಇಟ್ಕೋಬೇಕು. ಮಾವ ಅದನ್ನ ಮೂಲೆಯಲ್ಲಿ ಮೊಳೆಗೆ ನೇತುಹಾಕಿದ್ರು, ಗೋಣಿಚೀಲ ಸುತ್ತಿ. ಎರಡೂ ಕೈಯಲ್ಲಿ ಇಳಿಸಿ ಹಲ್ಲನ್ನ ಬಟ್ಟೆಯಲ್ಲಿ ಒರೆಸಿ, "ಇದಿಲ್ಲ ಅಂದ್ರೆ ಈ ಮಷಿನ್‌ಗೆ ಮಿಲಿಮೀಟರೇ ಗೊತ್ತಿಲ್ಲ ತಮ್ಮಾ" ಅಂದ್ರು.

ಗೇರ್ ಕೂರಿಸೋವಾಗ ನ್ಯೂಸ್ ಪೇಪರ್ ಒಂದು ಪಟ್ಟಿ ಹರಿದು ಎರಡು ಗೇರಿನ ಹಲ್ಲಿನ ಮಧ್ಯೆ ಇಟ್ಟು ಒತ್ತಿ ಬೋಲ್ಟ್ ಬಿಗಿದ್ರು, ಆಮೇಲೆ ಗೇರ್ ತಿರುಗಿಸಿದಾಗ ಆ ಪಟ್ಟಿ ನಿರಿಗೆ ಮಾಡಿದ ಹಾಗಾಗಿ ಹೊರಗೆ ಬಂತು. ಹಲ್ಲಿಗೂ ಹಲ್ಲಿಗೂ ಕಾಗದದಷ್ಟು ಜಾಗ ಉಳಿದ್ರೆ ಸಾಕು, ಜಾಸ್ತಿ ಆದ್ರೆ ಲೂಸು, ಕಮ್ಮಿ ಆದ್ರೆ ಕಿರಗುಟ್ಟತ್ತೆ. ನಾನು ಆಮೇಲೆ ನನ್ನ ಲೇತಿಗೂ ಇದನ್ನೇ ಮಾಡಿದ್ದು.

ರಾಡ್ ಬಾಗ್ದೇ ಇರ್ಲಿ ಅಂತ ಟೂಲಿನ ಜೊತೆಗೇ ಓಡ್ತಾ ರಾಡನ್ನ ಒತ್ತಿ ಹಿಡಿಯೋ ಟ್ರಾವೆಲಿಂಗ್ ಸ್ಟೆಡಿ ಹಾಕಿ ಶುರು ಮಾಡಿದ್ರು. ಒಂದೊಂದು ಸಲಕ್ಕೂ ತುದಿವರೆಗೆ ಹೋಗಿ, ಟೂಲ್ ಹಿಂದಕ್ಕೆಳೆದು, ಮೋಟರ್ ರಿವರ್ಸ್ ಹಾಕಿ ಪೂರ್ತಿ ವಾಪಸ್ ಬಂದು, ಚೂರು ಆಳ ಕೊಟ್ಟು ಮತ್ತೆ ಮುಂದಕ್ಕೆ. ಕ್ಯಾರೇಜನ್ನ ಲೀಡ್ ಸ್ಕ್ರೂಗೆ ಸಿಕ್ಕಿಸೋ ಹಾಫ್ ನಟ್ ಬಿಚ್ಚಿ ಕೈಯಲ್ಲಿ ಕ್ಯಾರೇಜ್ ತಂದ್ಬಿಟ್ರೆ ಬೇಗ ಆಗಲ್ವಾ ಮಾವ ಅಂತ ಕೇಳಿದೆ. ಇಂಚಿನ ಲೀಡ್ ಸ್ಕ್ರೂ ಮೇಲೆ ಮಿಲಿಮೀಟರ್ ಥ್ರೆಡ್ ಹಾಕೋವಾಗ ಹಾಫ್ ನಟ್ ಬಿಚ್ಚಿದ್ರೆ ಕೆಟ್ಟೆ ಅಂದ್ರು, ಎರಡರ ಲೆಕ್ಕ ಒಂದಕ್ಕೊಂದು ಕೂಡಿ ಬರೋದು ತುಂಬಾ ದೂರಕ್ಕೆ ಒಂದ್ಸಲ, ಬಿಚ್ಚಿ ಮತ್ತೆ ಹಾಕಿದ್ರೆ ಟೂಲು ಹಳೇ ಗೆರೆಗೆ ಬೀಳೋ ಬದಲು ಎರಡು ಗೆರೆ ಮಧ್ಯೆ ಬಿದ್ದು ಥ್ರೆಡ್ಡೇ ಹೋಗತ್ತೆ. ಹಾಗಾಗಿ ಒಮ್ಮೆ ಹಾಕಿದ ನಟ್ಟು ಕೆಲಸ ಮುಗಿಯೋವರೆಗೂ ಬಿಚ್ಚೋ ಹಾಗಿಲ್ಲ. ಬೆಳಗ್ಗೆ ಹತ್ತಕ್ಕೆ ಶುರು ಮಾಡಿದ್ದು, ಮಧ್ಯೆ ಊಟಕ್ಕೆ ಕೂಡ ಟೂಲ್ ಹಿಂದಕ್ಕೆಳೆದು ನಟ್ಟು ಹಾಗೇ ಬಿಟ್ಟು ಮನೆಗೆ ಹೋಗಿ ರೊಟ್ಟಿ ತಿಂದು ಬಂದ್ವಿ. ಸಂಜೆ ನಾಲ್ಕಕ್ಕೆ ಸ್ಕ್ರೂ ಮುಗೀತು. ಎರಡೂ ತುದೀಲಿ ಬೇರಿಂಗ್‌ಗೆ 10 ಮಿಮೀ ಇಳಿಸಿ ನಟ್ಟಿಗೆ ಥ್ರೆಡ್ ಹಾಕಿದ್ರು. ನನಗೆ ಒಂದೇ ಕಡೆ ಸಾಕಿತ್ತು ಅಂದ್ರೆ, "ಎರಡೂ ಕಡೆ ಒಂದೇ ಥರ ಇರ್ಲಿ ಬಿಡು, ಬೇಕಾಗತ್ತೆ" ಅಂದ್ರು. ಯಾಕೆ ಅಂತ ಅವತ್ತು ನನಗೆ ಅರ್ಥ ಆಗ್ಲಿಲ್ಲ.

ಮನೇಲಿ ಕಟ್ಟಿದ್ದು

ಇನ್ನು ನನ್ನ ಲೇತಿಗೆ ಕಟ್ಟಿದ ಥ್ರೆಡ್ ಹಾಕೋ ಅಟ್ಯಾಚ್‌ಮೆಂಟ್ ಬಗ್ಗೆ. ಸ್ಪಿಂಡಲ್ ಹಿಂದೆ ಗೇರ್ ಕೂರಿಸೋಕೆ ಜಾಗ ಇಲ್ಲ ಅಂದ್ನಲ್ಲ, ಆದ್ರೆ ಸ್ಪಿಂಡಲ್ ಒಳಗೆ ತೂತಿದೆ. ಆ ತೂತಿಗೆ ಸರಿಯಾಗಿ ಕೂರೋ ಒಂದು ರಾಡು ಮಾಡಿ, ಅದರ ತುದೀನ ಹ್ಯಾಕ್ಸಾದಲ್ಲಿ ಪ್ಲಸ್ ಆಕಾರಕ್ಕೆ ಸೀಳಿ, ಒಳಗಿಂದ ಒಂದು ಟೇಪರ್ ತುಂಡನ್ನ ಉದ್ದ ಬೋಲ್ಟಲ್ಲಿ ಎಳೆದ್ರೆ ಸೀಳು ಅರಳಿ ತೂತಿನ ಗೋಡೆಗೆ ಗಟ್ಟಿ ಕಚ್ಕೊಳತ್ತೆ. ಹೊರಗುಳಿದ ಭಾಗದ ಮೇಲೆ ಗೇರು, ಅದರಾಚೆ ಕೈಯಲ್ಲಿ ತಿರುಗಿಸೋ ಹ್ಯಾಂಡಲ್. ಥ್ರೆಡ್ ಹಾಕೋವಾಗ ಮೋಟರ್ ಬೆಲ್ಟ್ ತೆಗೆದುಬಿಡೋದು, ಎಲ್ಲಾ ಕೈಯಲ್ಲೇ. ಸಣ್ಣ ಲೇತಿಗೆ ಇದೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ, ಯಾಕಂದ್ರೆ ಶೋಲ್ಡರ್ (ದಪ್ಪ ಬದಲಾಗೋ ಮೆಟ್ಟಿಲು) ಹತ್ರ ಬಂದು ನಿಲ್ಲಿಸಬೇಕು ಅಂದಾಗ ಕೈ ನಿಲ್ಲೋ ಹಾಗೆ ಮೋಟರ್ ನಿಲ್ಲಲ್ಲ, ವಾಪಸ್ ಬರೋದಕ್ಕೂ ರಿವರ್ಸ್ ಸ್ವಿಚ್ ಬೇಡ.

ಗೇರ್‌ಗಳದ್ದು ಮಾಡ್ಯೂಲ್, ಅಂದ್ರೆ ಹಲ್ಲಿನ ಸೈಜು, 1. ಹಲ್ಲಿಲ್ಲದ ಬ್ಲ್ಯಾಂಕ್‌ಗಳನ್ನ ನಾನೇ ಟರ್ನ್ ಮಾಡಿದೆ, ಹಲ್ಲಿನ ಸಂಖ್ಯೆಗೆ ಎರಡು ಸೇರಿಸಿದ್ರೆ ಅಷ್ಟು ಮಿಲಿಮೀಟರ್ ಹೊರ ಅಳತೆ, 40 ಹಲ್ಲಿಗೆ 42 ಮಿಮೀ, 80ಕ್ಕೆ 82. ಹಲ್ಲು ಮಾತ್ರ ಗೇರ್ ಕಟ್ಟಿಂಗ್ ಮಾಡೋರ ಹತ್ರ ಕೊಟ್ಟು ಹಾಕಿಸ್ದೆ. ಲೀಡ್ ಸ್ಕ್ರೂ 2 ಮಿಮೀ ಇರೋದ್ರಿಂದ ಮೆಟ್ರಿಕ್ ಲೆಕ್ಕ ಸಲೀಸು, 1.5ರ ಪಿಚ್ಚಿಗೆ 30 ಓಡಿಸೋದು 40 ಓಡೋದು, 1 ಮಿಮೀಗೆ 30 ಮತ್ತೆ 60, 1.25ಕ್ಕೆ 50 ಮತ್ತೆ 80. ತೊಂದರೆ ನನಗೆ ಬೇಕಾಗಿದ್ದ ಇಂಚಿಂದೇ. ಇಂಚಿಗೆ 10 ಅಂದ್ರೆ 2.54 ಮಿಮೀ ಪಿಚ್ಚು, ಅದನ್ನ 2ರಿಂದ ಭಾಗಿಸಿದ್ರೆ 1.27, ಅಂದ್ರೆ 127 ಬೈ 100. ಮತ್ತೆ ಅದೇ 127! ಮಾವನ ಲೇತಲ್ಲಿ ಇಂಚಿಂದ ಮಿಲಿಮೀಟರಿಗೆ ಹೋಗೋಕೆ ಬೇಕಾಗಿದ್ದ ಬಾಗಿಲು ನನ್ನ ಲೇತಲ್ಲಿ ಮಿಲಿಮೀಟರಿಂದ ಇಂಚಿಗೆ ವಾಪಸ್ ಬರೋಕೂ ಬೇಕು. ಆದ್ರೆ 127 ಹಲ್ಲು ಅಂದ್ರೆ 129 ಮಿಮೀ ಗೇರು, ನನ್ನ ಹೆಡ್‌ಸ್ಟಾಕ್ (ಸ್ಪಿಂಡಲ್ ಇರೋ ಕಡೆ) ಹಿಂದೆ ಅದು ಹಿಡಿಯೋದೇ ಇಲ್ಲ. ಇದಕ್ಕೆ ಸಣ್ಣ ಲೇತಿನೋರು ಹಿಂದಿನಿಂದ ಮಾಡ್ಕೊಂಡು ಬಂದಿರೋ ದಾರಿ 63 ಹಲ್ಲಿನ ಗೇರು. 80 ಬೈ 63 ಅಂದ್ರೆ 1.26984. ಪಿಚ್ಚು 2.54 ಬದಲು 2.53968 ಬರತ್ತೆ. ಒಂದಿಂಚು ಉದ್ದಕ್ಕೆ ಆಗೋ ವ್ಯತ್ಯಾಸ ಒಂದು ಮಿಲಿಮೀಟರನ್ನ ಸಾವಿರ ಭಾಗ ಮಾಡಿದ್ರೆ ಅದರಲ್ಲಿ ಮೂರು ಭಾಗ. ಬ್ಯಾಕ್ ಪ್ಲೇಟಿನ ಥ್ರೆಡ್ ಇರೋದೇ ಒಂದಿಂಚು ಚಿಲ್ಲರೆ, ಅಷ್ಟಕ್ಕೆ ಇದು ಧಾರಾಳ ಸಾಕು.

ನಟ್ಟಿಗೆ ಗನ್ ಮೆಟಲ್ (ಒಂದು ಜಾತಿ ಕಂಚು) ತುಂಡು, 14 ಮಿಮೀ ಡ್ರಿಲ್ ಹಾಕಿ ಎಂ16 ಟ್ಯಾಪ್ ಹಾಕಿ ಉದ್ದಕ್ಕೆ ಎರಡು ಹೋಳು ಮಾಡಿ ಒಂದು ಹೋಳನ್ನ ಕ್ಯಾರೇಜ್ ಕೆಳಗೆ ಲಿವರ್ ಕೊಟ್ಟು ಕೂರಿಸ್ದೆ, ಲಿವರ್ ತಿರುಗಿಸಿದ್ರೆ ಹೋಳು ಸ್ಕ್ರೂಗೆ ಒತ್ತಿ ಲಾಕ್ ಆಗತ್ತೆ. ಸ್ಕ್ರೂ ಹಿಂದೆ ಮುಂದೆ ಅಲ್ಲಾಡಬಾರ್ದು ಅನ್ನೋದು ಮುಖ್ಯ, ಅದಕ್ಕೆ 51100 ನಂಬರಿನ ಎರಡು ಥ್ರಸ್ಟ್ ಬೇರಿಂಗು, ದಪ್ಪ ಪ್ಲೇಟಿನ ಆಚೆಗೊಂದು ಈಚೆಗೊಂದು, ಮೇಲೆ ಎರಡು ನಟ್ಟು ಬಿಗಿದು ಲಾಕ್.

ಮೊದಲನೇ ಸಲ ಒಂದು ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ಮೇಲೆ 1.5 ಪಿಚ್ಚು ಹಾಕಿದೆ, ನೋಡೋಕೆ ಚೆಂದ ಬಂತು, ನಟ್ ಹಾಕಿದ್ರೆ ಮೊದಲ ಸುತ್ತೇ ಹಿಡೀಲಿಲ್ಲ. ಅರ್ಧ ಗಂಟೆ ಪಿಚ್ ಗೇಜಿಟ್ಟು ನೋಡಿದೆ, ಪಿಚ್ಚು ಸರಿ, ಆಳ ಸರಿ. ಆಮೇಲೆ ರಾಡನ್ನ ಒಳ್ಳೇ ಬೋಲ್ಟ್ ಪಕ್ಕದಲ್ಲಿಟ್ಟಾಗ ಕಂಡಿದ್ದು, ಗೆರೆಗಳು ಬೇರೆ ದಿಕ್ಕಿಗೆ ಓರೆ. ಎಡಗೈ ಥ್ರೆಡ್ ಆಗಿತ್ತು. ಗೇರ್‌ಗಳ ಮಧ್ಯೆ ದೂರ ಜಾಸ್ತಿ ಅಂತ ನಾನು ಎರಡು ಐಡ್ಲರ್ ಹಾಕಿದ್ದೆ. ಐಡ್ಲರ್ ಹಲ್ಲಿನ ಲೆಕ್ಕ ಬದಲಾಯಿಸಲ್ಲ, ತಿರುಗೋ ದಿಕ್ಕು ಬದಲಾಯಿಸತ್ತೆ. ಒಂದು ಐಡ್ಲರ್ ಇದ್ರೆ ಸ್ಪಿಂಡಲ್ಲೂ ಲೀಡ್ ಸ್ಕ್ರೂನೂ ಒಂದೇ ಕಡೆ ತಿರುಗತ್ತೆ, ಬಲಗೈ ಥ್ರೆಡ್. ಎರಡಿದ್ರೆ ಉಲ್ಟಾ. ದೊಡ್ಡ ಐಡ್ಲರ್ ಒಂದೇ ಹಾಕಿದ ಮೇಲೆ ಸರಿಹೋಯ್ತು. ಆ ಎಡಗೈ ತುಂಡನ್ನ ಗೋಡೆಗೆ ನೇತುಹಾಕಿದೀನಿ, ಗೇರ್ ಬದಲಾಯಿಸೋ ಪ್ರತಿಸಲ ಅದನ್ನೊಮ್ಮೆ ನೋಡ್ತೀನಿ.

ಸವೆತದ ಗುರುತು

ಎಲ್ಲಾ ಕಟ್ಟಿದ ಮೇಲೆ ಲೀಡ್ ಸ್ಕ್ರೂ ಎಷ್ಟು ನಿಜ ಅಂತ ಅಳೀಬೇಕು ಅನ್ನಿಸ್ತು. ಡಿಜಿಟಲ್ ವರ್ನಿಯರನ್ನ ಬೆಡ್‌ಗೆ ಕಟ್ಟಿ, ಅದರ ಜಾ ಕ್ಯಾರೇಜಿಗೆ ಸಿಕ್ಕಿಸಿ, ಸ್ಕ್ರೂನ ಹತ್ತು ಹತ್ತು ಸುತ್ತು ತಿರುಗಿಸಿ ಬರ್ಕೊಂಡೆ. ಹತ್ತು ಸುತ್ತಿಗೆ 20 ಮಿಮೀ ಹೋಗ್ಬೇಕು. ಟೇಲ್‌ಸ್ಟಾಕ್ (ಲೇತಿನ ಇನ್ನೊಂದು ತುದಿ) ಕಡೆ, ಮಧ್ಯದಲ್ಲಿ ಎಲ್ಲಾ ಕಡೆ ವರ್ನಿಯರ್ ಒಪ್ಪೋಷ್ಟು ಸರಿ. ಹೆಡ್‌ಸ್ಟಾಕ್ ಹತ್ರದ ಕೊನೇ 100 ಮಿಮೀಗೆ ಬಂದಾಗ ಮಾತ್ರ ಸ್ವಲ್ಪ ಸ್ವಲ್ಪವೇ ತಪ್ತಾ ಬಂದು ಒಟ್ಟು 0.08 ಮಿಮೀ ವ್ಯತ್ಯಾಸ. ಮೂರು ಸಲ ಅಳೆದೆ, ಮೂರು ಸಲವೂ ಅದೇ ಜಾಗ. ಥ್ರಸ್ಟ್ ಬೇರಿಂಗ್ ಲೂಸಿದ್ರೆ ಎಲ್ಲಾ ಕಡೆ ತೋರಿಸ್ಬೇಕಿತ್ತು, ನಟ್ಟಿನ ತಪ್ಪಾಗಿದ್ರೂ ಹಾಗೇ. ಇದು ಸ್ಕ್ರೂ ಒಳಗೇ ಇರೋದು.

ಮಾವನಿಗೆ ಫೋನ್ ಮಾಡಿ ಹೇಳೋಕೆ ಮನಸ್ಸಿಗೆ ಹಿಂಸೆ ಆಯ್ತು, ಇಡೀ ದಿನ ನಿಂತು ಮಾಡಿಕೊಟ್ಟಿದ್ದಾರೆ. ಆದ್ರೂ ಹೇಳಿದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಕೇಳಿದ್ರು, "ಯಾವ ತುದಿ ತಮ್ಮಾ, ನಾನು ಚಕ್ಕಿನ ಕಡೆ ಹಿಡಿದಿದ್ದ ತುದಿ ಅಲ್ಲೇನು?" ನಾನು ತುದೀಲಿ ಮಾರ್ಕರಲ್ಲಿ ಗುರುತು ಹಾಕಿದ್ದೆ, ಹೋಗಿ ನೋಡಿದೆ, ಹೌದು, ಅದೇ ತುದಿ. "ನನ್ನ ಲೀಡ್ ಸ್ಕ್ರೂ ಸವೆದಿರೋದು ಅಲ್ಲೇಯ" ಅಂದ್ರು. ಲೇತಲ್ಲಿ ಬರೋ ಥ್ರೆಡ್ ಕೆಲಸ ಎಲ್ಲಾ ಗಿಡ್ಡ ಕೆಲಸ, ಎಲ್ಲಾ ಚಕ್ಕಿನ ಹತ್ರ, ಲೀಡ್ ಸ್ಕ್ರೂನ ಆ ಒಂದು ಅರ್ಧ ಅಡಿ ಮಾತ್ರ ದಿನಾ ದುಡಿಯತ್ತೆ, ಉಳಿದಿದ್ದು ಸುಮ್ನೆ ಇರತ್ತೆ. "ನಲವತ್ತು ವರ್ಷ ಸುತ್ತಮುತ್ತ ಹಳ್ಳಿ ರೈತರ ಪಂಪ್ ಶಾಫ್ಟ್ ಥ್ರೆಡ್ ಹಾಕಿದ್ದೆಲ್ಲಾ ಅಲ್ಲೇ ಕಣಪ" ಅಂದ್ರು.

ಫೋನಿಟ್ಟ ಮೇಲೆ ತುಂಬಾ ಹೊತ್ತು ಆ ಸ್ಕ್ರೂ ಹತ್ರ ಕೂತಿದ್ದೆ. ಬೋರ್‌ವೆಲ್ಲಿಗಿಂತ ಮುಂಚಿನ ಬಾವಿ ಪಂಪುಗಳು, ಆಮೇಲಿನವು, ಬಿತ್ತನೆ ಕಾಲದಲ್ಲಿ ಕೆಟ್ಟುಹೋಗಿ ರಾತ್ರಿ ಎತ್ತಿನ ಗಾಡೀಲೋ ಟ್ರ್ಯಾಕ್ಟರಲ್ಲೋ ತಂದ ಶಾಫ್ಟುಗಳು, ಅಷ್ಟೂ ಮಾವನ ಲೇತಲ್ಲಿ ಎಲ್ಲಿ ಸವೆತ ಮಾಡಿದ್ವೋ ಅದೇ ಜಾಗ ನನ್ನ ಸ್ಕ್ರೂ ಮೇಲೆ 0.08 ಮಿಮೀ ಆಗಿ ಬಂದು ಕೂತಿದೆ. ನಮ್ಮ ಆಫೀಸಿನ ಗೆಳೆಯ ಒಬ್ಬ ಮೊದಲಿಂದ ಹೇಳ್ತಿದ್ದ, ಗೇರೆಲ್ಲಾ ಯಾಕೆ, ಸ್ಪಿಂಡಲ್‌ಗೆ ಎನ್‌ಕೋಡರ್ ಹಾಕು, ಲೀಡ್ ಸ್ಕ್ರೂಗೆ ಸ್ಟೆಪ್ಪರ್ ಮೋಟರ್ ಹಾಕು, ಯಾವ ಪಿಚ್ ಬೇಕೋ ಬಟನ್ ಒತ್ತು, 127 ಇಲ್ಲ 63 ಇಲ್ಲ ಅಂತ. ಅದು ಒಳ್ಳೇ ದಾರಿನೇ, ತುಂಬಾ ಜನ ಮಾಡ್ಕೊಂಡಿದ್ದಾರೆ, ಚೆನ್ನಾಗಿ ಕೆಲಸ ಮಾಡತ್ತೆ. ಆದ್ರೆ ಎನ್‌ಕೋಡರ್ ಎಷ್ಟೇ ಸರಿಯಾಗಿ ಎಣಿಸಿದ್ರೂ ಕೊನೆಗೆ ಕ್ಯಾರೇಜನ್ನ ಎಳೆಯೋದು ಒಂದು ಸ್ಕ್ರೂನೇ ಅಲ್ವಾ, ಆ ಸ್ಕ್ರೂಗೆ ಒಂದು ತಾಯಿ ಇದ್ದೇ ಇರ್ತಾಳೆ.

ಪರಿಹಾರ ಮಾವ ಫೋನಲ್ಲೇ ಹೇಳಿದ್ರು. "ತಿರುಗ್ಸಿ ಹಾಕು. ಎರಡೂ ಕಡೆ ಒಂದೇ ಥರ ಮಾಡಿದೀನಲ್ಲ." ಸ್ಕ್ರೂನ ತಲೆಕೆಳಗು ಮಾಡಿ ಹಾಕಿದ್ರೂ ಬಲಗೈ ಥ್ರೆಡ್ ಬಲಗೈ ಥ್ರೆಡ್ಡೇ, ದಿಕ್ಕು ಬದಲಾಗಲ್ಲ. ಒಳ್ಳೇ ತುದಿ ನನ್ನ ಹೆಡ್‌ಸ್ಟಾಕ್ ಕಡೆ ಬಂತು, ಸವೆತ ಇಳಿದುಬಂದ ಭಾಗ ಟೇಲ್‌ಸ್ಟಾಕ್ ಕಡೆ ಹೋಯ್ತು, ಅಲ್ಲಿಗೆ ನನ್ನ ಕ್ಯಾರೇಜ್ ಹೋಗೋದು ಅಪರೂಪ. ಅವತ್ತು ಯಾಕೆ ಎರಡೂ ಕಡೆ ಇಳಿಸಿದ್ರು ಅಂತ ಆಗ ಗೊತ್ತಾಯ್ತು. ತನ್ನ ಮಷಿನ್ ಎಲ್ಲಿ ಸೋತಿದೆ ಅಂತ ಗೊತ್ತಿರೋರು ಹಾಗೆ ಕೆಲಸ ಮಾಡೋದು.

ಪ್ಲಗ್ಗು, ಆಮೇಲೆ ಪ್ಲೇಟು

ಬ್ಯಾಕ್ ಪ್ಲೇಟ್ ಒಳಗಿನ ಥ್ರೆಡ್ ಸರಿ ಬಂತಾ ಅಂತ ನೋಡೋಕೆ ಸ್ಪಿಂಡಲ್ ಮೂತಿ ಬೇಕು, ಆದ್ರೆ ಆ ಹೊತ್ತಲ್ಲಿ ಮೂತಿ ಮೇಲೆ ತ್ರೀ ಜಾ ಚಕ್ ಕೂತಿರತ್ತೆ, ಬ್ಯಾಕ್ ಪ್ಲೇಟನ್ನ ಹಿಡ್ಕೊಂಡು. ಹಾಗಾಗಿ ಮೊದಲು ಮೂತಿಯ ಒಂದು ನಕಲು ಬೇಕು, ಒಂದು ಪ್ಲಗ್ಗು. ಅದನ್ನ ಚಕ್ಕಲ್ಲಿ ಹಿಡಿಯದೆ ಎರಡು ಸೆಂಟರ್ ಮಧ್ಯೆ ಮಾಡಿದೆ, ಕ್ಯಾಚ್ ಪ್ಲೇಟೂ, ಅದರ ಜೊತೆ ತಿರುಗೋಕೆ ತುಂಡಿಗೆ ಬಿಗಿಯೋ ಡಾಗೂ ಹಾಕಿ. ಆಗ ಚಕ್ಕು ಬಿಡುವಾಗಿರತ್ತೆ, ಟೇಲ್‌ಸ್ಟಾಕ್ ಹಿಂದಕ್ಕೆ ಸರಿಸಿ ಜಾಬ್ ತೆಗೆದು ಚಕ್ಕಿನ ಹಿಂಬದಿ ಥ್ರೆಡ್ಡಲ್ಲಿ ಹಾಕಿ ನೋಡಿ, ಸಾಲದಿದ್ರೆ ವಾಪಸ್ ಸೆಂಟರ್ ಮಧ್ಯೆ ಇಟ್ರೆ ಡಾಗ್ ಅದೇ ಕಂಡಿಯಲ್ಲಿ ಕೂತು ಟೂಲು ಅದೇ ಗೆರೆಗೆ ಬೀಳತ್ತೆ. ಚಕ್ಕಲ್ಲಿ ಹಿಡಿದು ಬಿಚ್ಚಿದ್ರೆ ಆ ಸುಖ ಇಲ್ಲ.

ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲನ್ನ 55ರ ಗೇಜಿಗೆ ಉಜ್ಜಿ, ತುದೀನ ಎಣ್ಣೆಕಲ್ಲಲ್ಲಿ ಚೂರು ಗುಂಡಗೆ ಮಾಡ್ದೆ, ಈ ಥ್ರೆಡ್ಡಿನ ತಳ ಚೂಪಲ್ಲ, ಗುಂಡಗಿರತ್ತೆ. ಒಂದಿಂಚಿನ ಮೇಲೆ ಇಷ್ಟು ಪಿಚ್ಚಂದ್ರೆ ಸುರುಳಿ ಹೆಚ್ಚುಕಮ್ಮಿ 2 ಡಿಗ್ರಿ ಓರೆ, ಅದಕ್ಕೆ ಟೂಲಿನ ಎಡಗಡೆ ಕೆಳಗೆ ಆ ಓರೆಯಷ್ಟು ಹೆಚ್ಚು ಕೊರೆದುಕೊಡ್ಬೇಕು, ಇಲ್ಲಾಂದ್ರೆ ಟೂಲಿನ ಪಕ್ಕೆ ಉಜ್ಜತ್ತೆ. ಪೂರ್ತಿ ಆಳ 1.63 ಮಿಮೀ. ಬೆಲ್ಟ್ ತೆಗೆದು, 80 ಮತ್ತೆ 63 ಹಾಕಿ, ಕಾಗದದ ಪಟ್ಟಿ ಇಟ್ಟು ಬಿಗಿದು, ನಟ್ಟು ಲಾಕ್ ಮಾಡಿ ಶುರು ಮಾಡಿದೆ. ಮೊದಲ ಸಲ ಬರೀ ಮುಟ್ಟಿಸಿ ಗೆರೆ ಎಳೆದು ಸ್ಕೇಲಿಟ್ಟು ಎಣಿಸಿದೆ, ಒಂದಿಂಚಿಗೆ ಹತ್ತು. ಆಮೇಲೆ 0.2, ಮತ್ತೆ 0.2, ಆಳ ಹೋದ ಹಾಗೆ 0.1, ಕೊನೆಗೆ 0.05. ನನ್ನ ಲೀಡ್ ಸ್ಕ್ರೂ ಮಿಲಿಮೀಟರಿಂದು, ಹಾಕ್ತಿರೋದು ಇಂಚಿನ ಥ್ರೆಡ್ಡು, ಅಂದ್ರೆ ಮಾವನ ನಿಯಮ ನನಗೂ ಅನ್ವಯ, ನಟ್ಟು ಬಿಚ್ಚೋ ಹಾಗಿಲ್ಲ. ಮುಂದಕ್ಕೆ ತಿರುಗಿಸು, ಟೂಲ್ ಎಳ್ಕೋ, ಹಿಂದಕ್ಕೆ ತಿರುಗಿಸು. ಹ್ಯಾಂಡಲ್ ಹಿಡಿದ ಕೈಗೆ ಕಟ್ ಹೇಗೆ ಹೋಗ್ತಿದೆ ಅಂತ ಪೂರ್ತಿ ಗೊತ್ತಾಗತ್ತೆ, ಎಣ್ಣೆ ಆರಿದ್ರೆ ಹ್ಯಾಂಡಲ್ ಬಿಗಿಯತ್ತೆ, ಟೂಲ್ ಮೊಂಡಾದ್ರೆ ಅದರೊಳಗೆ ಒಂದು ಸಣ್ಣ ನಡುಕ ಬರತ್ತೆ. ಮೋಟರ್ ಓಡಿಸ್ತಿದ್ದಾಗ ಇದ್ಯಾವುದೂ ನನಗೆ ತಿಳಿದಿರ್ಲಿಲ್ಲ.

ಹದಿನಾಲ್ಕನೇ ಸಲಕ್ಕೆ ಚಕ್ಕನ್ನ ತೊಡೆ ಮೇಲಿಟ್ಕೊಂಡು ಪ್ಲಗ್ಗನ್ನ ಅದರ ಬೆನ್ನಿಗೆ ತಿರುಗಿಸಿದೆ. ಒಂದೂವರೆ ಸುತ್ತು ಹೋಗಿ ನಿಂತ್ಕೊಂತು. ವಾಪಸ್ ಸೆಂಟರಿಗೆ, ಇನ್ನೊಂದು 0.05. ನಾಲ್ಕು ಸುತ್ತು. ಆಳ ಏನೂ ಕೊಡದೆ ಅದೇ ಅಳತೆಗೆ ಎರಡು ಸಲ ಸುಮ್ನೆ ಓಡಿಸಿದೆ, ಟೂಲು ಬಾಗಿ ಬಿಟ್ಟಿದ್ದನ್ನ ತಾನೇ ತೆಗೆಯತ್ತೆ. ಬ್ರಷ್ಷಲ್ಲಿ ಚಿಪ್ಸ್ ತೆಗೆದು ಎರಡು ಹನಿ ಎಣ್ಣೆ ಬಿಟ್ಟು ಮತ್ತೆ ಹಾಕಿದೆ. ಈ ಸಲ ಎಲ್ಲೂ ಹಿಡೀಲಿಲ್ಲ, ಅಲ್ಲಾಡ್ಲೂ ಇಲ್ಲ, ಬೆರಳ ತುದೀಲೇ ತಿರುಗ್ತಾ ತಿರುಗ್ತಾ ಕೊನೇವರೆಗೂ ಹೋಗಿ ಮೆತ್ತಗೆ ಟಕ್ ಅಂತ ನಿಂತ್ಕೊಂತು. ರಾತ್ರಿ ಹನ್ನೊಂದು ದಾಟಿತ್ತು, ಮನೇಲೆಲ್ಲಾ ಮಲಗಿದ್ರು. ಸುಮ್ನೆ ಹತ್ತು ಸಲ ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಮಾಡಿದೆ.

ಪ್ಲೇಟಿನದು ಮುಂದಿನ ಭಾನುವಾರ. ತ್ರೀ ಜಾಗೆ ಉಲ್ಟಾ ಜಾಗಳನ್ನ ಹಾಕಿ ಪ್ಲೇಟಿನ ಅಗಲದ ಕಡೆ ಹಿಡಿದು, ಹಬ್ ನನ್ನ ಕಡೆ ಬರೋ ಹಾಗೆ ಮಾಡಿ, ಅದರ ಮುಖ ಫೇಸ್ ಮಾಡಿ, ಬೋರ್ ಮಾಡಿ, ಪ್ಲೇಟನ್ನ ಒಮ್ಮೆಯೂ ಬಿಚ್ಚದೆ ಒಳಗೆ ಥ್ರೆಡ್ ಹಾಕಿದೆ. ಮುಖವೂ ಥ್ರೆಡ್ಡೂ ಒಂದೇ ಸೆಟ್ಟಿಂಗಲ್ಲಿ ಆದ್ರೆ ಮಾತ್ರ ಸ್ಪಿಂಡಲ್ ಶೋಲ್ಡರಿಗೆ ಅದು ನೆಟ್ಟಗೆ ಕೂರೋದು. ಒಳಗಡೆ ಏನಾಗ್ತಿದೆ ಕಾಣಲ್ಲ, ಬೀಡಿಗೆ ಎಣ್ಣೆ ಬೇಕಾಗಲ್ಲ, ಕಪ್ಪು ಪುಡಿ ಉದುರ್ತಾ ಇರತ್ತೆ, ಕೈಯಿಗೆ ತಿಳಿದಷ್ಟೇ ದಾರಿ. ಪ್ಲಗ್ಗು ಹೋಯ್ತು. ಬಿಚ್ಚಿ ಪ್ಲೇಟನ್ನ ನಿಜವಾದ ಮೂತಿಗೆ ಹಾಕಿದಾಗ ಅದೂ ಹೋಯ್ತು, ಶೋಲ್ಡರಿಗೆ ತಾಗಿ ನಿಂತ್ಕೊಂತು. ಅಲ್ಲೇ ಅದರ ಮುಂದಿನ ಮುಖ ಫೇಸ್ ಮಾಡಿ ಫೋರ್ ಜಾ ಚಕ್ ಬೋಲ್ಟ್ ಹಾಕಿ ಡಯಲ್ ಗೇಜ್ ಇಟ್ರೆ ಚಕ್ಕಿನ ಮುಖದಲ್ಲಿ ಮುಳ್ಳು ಒಂದೂವರೆ ಗೀಟಿಗಿಂತ ಜಾಸ್ತಿ ಆಡ್ಲಿಲ್ಲ, ಒಂದು ಗೀಟು 0.01.

ಪ್ಲಗ್ಗನ್ನ ಹಬ್ಬಕ್ಕೆ ಹೋದಾಗ ಮಾವನಿಗೆ ತೋರಿಸಿದೆ. ಕನ್ನಡಕ ಹಣೆ ಮೇಲೆ ಏರಿಸಿ, ಬಾಗಿಲ ಬೆಳಕಿಗೆ ಹಿಡಿದು, ಉಗುರಲ್ಲಿ ಥ್ರೆಡ್ಡಿನ ಒಂದೊಂದು ಮುಖ ಸವರಿ ನೋಡಿದ್ರು. "63 ಹಾಕಿದ್ಯಾ" ಅಂದ್ರು. ಹೌದು ಮಾವ ಅಂದೆ. ಒಳಗೆ ಹೋಗಿ ಗೋಣಿಚೀಲದಿಂದ 127ರ ಗೇರ್ ತೆಗೆದು, ಅದರ ಮಧ್ಯದ ಬುಷ್ ಬೆರಳಲ್ಲಿ ಅಲ್ಲಾಡಿಸಿ ತೋರಿಸಿದ್ರು, ಪಿನ್ ಮೇಲೆ ಗಡಗಡ ಅಂತಿತ್ತು. "ಇದಕ್ಕೊಂದು ಬುಷ್ ಮಾಡ್ಕೊಡು, ನಿಂದ್ರಲ್ಲೇ." ಅಳತೆ ಬರ್ಕೊಂಡು ಬಂದೆ. ಪಿನ್ನು 22 ಮಿಮೀ. ಗನ್ ಮೆಟಲ್ ತುಂಡು ಚೌಕದ್ದೇ ಸಿಕ್ಕಿದೆ, ನಿನ್ನೆ ರಾತ್ರಿ ಅದನ್ನ ಫೋರ್ ಜಾದಲ್ಲಿ ಹಿಡಿದು ಡಯಲ್ ಇಟ್ಟು ಸೆಂಟರ್ ಮಾಡಿ ಇಟ್ಟಿದೀನಿ. ಇವತ್ತು ಸಂಜೆ ಬೋರ್ ಮಾಡ್ಬೇಕು.